ಒಂದೇ ಸೈಟ್, ಒಂದೇ ನಿಯಮ, ಇಬ್ಬರು ಮೇಸ್ತ್ರಿಗಳು: ಒಂದು ತಂಡ ಮಾತ್ರ ಹುಕ್ ಹಾಕುವುದೇಕೆ?

ಸೈಟ್ ಎಂಜಿನಿಯರ್

ಆರು ವರ್ಷಗಳಿಂದ ಬಹುಮಹಡಿ ಕಟ್ಟಡಗಳ ಕೆಲಸದಲ್ಲಿದ್ದೇನೆ. ಎರಡು ತಿಂಗಳಿಂದ ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ. ಅನುಭವಸ್ಥರು ದಾರಿ ತೋರಿಸಬೇಕು.

ನಮ್ಮಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಅಂದರೆ ಕಾಂಕ್ರೀಟ್ ಸುರಿಯಲು ಹಲಗೆ ಮತ್ತು ಆಸರೆ ನಿಲ್ಲಿಸುವ ಕೆಲಸಕ್ಕೆ, ಎರಡು ತಂಡಗಳಿವೆ. ಪೂರ್ವದ ಭಾಗ ಒಬ್ಬ ಮೇಸ್ತ್ರಿಯದು, ಪಶ್ಚಿಮದ ಭಾಗ ಇನ್ನೊಬ್ಬರದು. ಗುತ್ತಿಗೆದಾರರು ಒಬ್ಬರೇ, ಕೂಲಿ ಒಂದೇ, ಬೆಳಗಿನ ಸುರಕ್ಷತಾ ಸಭೆಯೂ ಒಂದೇ. ಎತ್ತರದಿಂದ ಬೀಳದಂತೆ ಹುಕ್ ಸಿಕ್ಕಿಸಿಕೊಳ್ಳುವ ಸುರಕ್ಷತಾ ಬೆಲ್ಟ್‌ಗಳು ಒಂದೇ ಉಗ್ರಾಣದಿಂದ ಹೋಗುತ್ತವೆ.

ಪೂರ್ವದ ಮೇಸ್ತ್ರಿ ಗಟ್ಟಿ ದನಿಯವರು. ಹೆಲ್ಮೆಟ್ ತೆಗೆದರೆ ಬೈಗುಳ, ಬೆಲ್ಟ್ ಇಲ್ಲದಿದ್ದರೆ ದಂಡ. ನಾನು ಮೆಟ್ಟಿಲು ಹತ್ತುವುದು ಕಂಡ ಕೂಡಲೇ ಅವರ ತಂಡದಲ್ಲಿ ಹುಕ್ ಹಾಕುವ ಸದ್ದು ಸಾಲಾಗಿ ಕೇಳಿಸುತ್ತದೆ. ಕೆಳಗಿಳಿದು ಎದುರಿನ ಕಟ್ಟಡದಿಂದ ನೋಡಿದರೆ ಅರ್ಧದಷ್ಟು ಹುಕ್‌ಗಳು ಮತ್ತೆ ಸೊಂಟದಲ್ಲಿ ನೇತಾಡುತ್ತಿರುತ್ತವೆ. ಪಶ್ಚಿಮದ ಮೇಸ್ತ್ರಿ ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅವರ ಹುಡುಗರು ಯಾರೂ ನೋಡದಿರುವಾಗಲೂ ಹುಕ್ ಹಾಕಿಯೇ ಇರುತ್ತಾರೆ.

ಕಳೆದ ತಿಂಗಳು ಪೂರ್ವದ ಭಾಗದಲ್ಲಿ ಅಂಚಿನ ಹಲಗೆ ಜಾರಿ ಒಬ್ಬ ಬಡಗಿ ಬೀಳುವುದರಲ್ಲಿದ್ದ. ಕಂಬದ ಕಂಬಿ ಕೈಗೆ ಸಿಕ್ಕಿ ಉಳಿದ. ತೋಳಿನ ಉದ್ದಕ್ಕೂ ಚರ್ಮ ಕಿತ್ತುಹೋಗಿತ್ತು. ಅದು ನನಗೆ ಗೊತ್ತಾದದ್ದು ಮೂರು ದಿನಗಳ ನಂತರ, ಅದೂ ಪಶ್ಚಿಮದ ತಂಡದವರ ಬಾಯಿಯಿಂದ. ಆತ ಏಳನೆಯ ಮಹಡಿಯಲ್ಲಿದ್ದ. ಅದನ್ನು ನೆನೆದರೆ ಈಗಲೂ ನಿದ್ದೆ ಕೆಡುತ್ತದೆ.

ಮೇಲಿನವರು ದಂಡವನ್ನು ಇಮ್ಮಡಿ ಮಾಡೋಣ ಎನ್ನುತ್ತಿದ್ದಾರೆ. ನನಗೆ ಅದು ಸರಿ ಕಾಣುತ್ತಿಲ್ಲ, ಆದರೆ ಬದಲಿಗೆ ಏನು ಮಾಡಬೇಕೆಂದು ಹೇಳಲು ನನ್ನ ಬಳಿ ಉತ್ತರವಿಲ್ಲ. ಪಶ್ಚಿಮದ ಮೇಸ್ತ್ರಿಯವರಲ್ಲಿ ಇರುವುದು ಹುಟ್ಟುಗುಣವೇ, ಅಥವಾ ಇನ್ನೊಬ್ಬರು ಕಲಿಯಬಹುದಾದದ್ದೇ?

ಗಾರೆ ಮೇಸ್ತ್ರಿ

ಎಂಜಿನಿಯರ್ ಸಾಹೇಬರೇ, ಇಪ್ಪತ್ತೆರಡು ವರ್ಷ ತಾಪಿ ಹಿಡಿದವನು, ಅದರಲ್ಲಿ ಹದಿನಾಲ್ಕು ವರ್ಷ ಆಳುಗಳನ್ನು ನಡೆಸಿದವನು ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಶ್ನೆ. ಪೂರ್ವದ ಹುಡುಗರು ಹುಕ್ ಹಾಕಬೇಕು ಎಂದಿರಿ. ಯಾವುದಕ್ಕೆ ಹಾಕಬೇಕು? ಅಂಚಿನಲ್ಲಿ ಲೈಫ್‌ಲೈನ್, ಅಂದರೆ ಹುಕ್ ಸಿಕ್ಕಿಸುವ ಗಟ್ಟಿ ಹಗ್ಗ, ಎಳೆದಿದ್ದಾರೆಯೇ? ಎಷ್ಟೋ ಕಡೆ ಬೆಲ್ಟ್ ಕೊಟ್ಟಿರುತ್ತಾರೆ, ಅದನ್ನು ಸಿಕ್ಕಿಸಲು ಗಟ್ಟಿಯಾದದ್ದು ಏನೂ ಇರುವುದಿಲ್ಲ. ಹುಡುಗ ಸೆಂಟ್ರಿಂಗ್ ಪೈಪಿಗೋ ಸಡಿಲ ಕಂಬಿಗೋ ಸಿಕ್ಕಿಸುತ್ತಾನೆ. ಅದು ತನ್ನ ಭಾರ ತಡೆಯದು ಎಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು. ಸಾಹೇಬರು ಬಂದಾಗ ತೋರಿಕೆಗೆ ಹಾಕುತ್ತಾನೆ, ಹೋದ ಮೇಲೆ ತೆಗೆಯುತ್ತಾನೆ.

ಎರಡನೆಯದು, ಆಳುಗಳು ನಮ್ಮ ಮಾತಿಗಿಂತ ಹೆಚ್ಚಾಗಿ ನಮ್ಮ ಮುಖ ನೋಡುತ್ತಾರೆ. ಬೆಳಿಗ್ಗೆ "ಬೆಲ್ಟ್ ಹಾಕಿಕೊಳ್ಳಿ" ಎಂದು, ಹತ್ತು ಗಂಟೆಗೆ "ಇನ್ನೂ ಇಷ್ಟೇ ಆಗಿದೆಯೇ?" ಎಂದು ಮುಖ ಗಂಟಿಕ್ಕಿದರೆ ಎರಡನೆಯದೇ ಅವರ ತಲೆಗೆ ಹೋಗುತ್ತದೆ. ತುಂಡುಗುತ್ತಿಗೆಯಾದರೆ ಕೇಳುವುದೇ ಬೇಡ. ಹುಕ್ ಬದಲಿಸಿಕೊಂಡು ನಡೆಯುವ ಪ್ರತಿ ನಿಮಿಷವೂ ಅವರ ಬಟವಾಡೆಯಿಂದ ಹೋಗುತ್ತದೆ.

ಆ ಇಬ್ಬರು ಮೇಸ್ತ್ರಿಗಳ ಜೊತೆ ಒಂದೊಂದು ಪೂರ್ತಿ ದಿನ ನಿಲ್ಲಿ. ದಂಡದ ಮಾತು ಅನಂತರ ಆಡೋಣ.

ಸಂಶೋಧನಾ ವಿದ್ಯಾರ್ಥಿನಿ

ನಾನು ಓದುತ್ತಿರುವುದು ಇದೇ ವಿಷಯ. ಎಂಜಿನಿಯರ್ ಅವರು ಕಂಡದ್ದನ್ನು ಸಂಶೋಧಕರೂ ಕಂಡಿದ್ದಾರೆ.

ಕಾರ್ಮಿಕರ ಸುರಕ್ಷತಾ ನಡವಳಿಕೆಯನ್ನು ಎರಡು ಬಗೆಯಾಗಿ ನೋಡುವ ಪದ್ಧತಿಯಿದೆ. ಮೊದಲನೆಯದು ಪಾಲನೆ: ಹೆಲ್ಮೆಟ್, ಬೆಲ್ಟ್, ಅನುಮತಿ ಚೀಟಿ, ಹೇಳಿದ ಕ್ರಮದಲ್ಲೇ ಕೆಲಸ. ಎರಡನೆಯದು ಪಾಲುಗೊಳ್ಳುವಿಕೆ: ಯಾರೂ ಹೇಳದಿದ್ದರೂ ಸಡಿಲ ಹಲಗೆಯನ್ನು ತೋರಿಸುವುದು, ಹೊಸಬನನ್ನು ತಡೆದು ಎಚ್ಚರಿಸುವುದು, ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನು ಬಂದು ಹೇಳುವುದು. ನೀಲ್ ಮತ್ತು ಗ್ರಿಫಿನ್ ಎಂಬ ಮನಶ್ಶಾಸ್ತ್ರಜ್ಞರು ಈ ವಿಂಗಡಣೆಯನ್ನು ಬಳಕೆಗೆ ತಂದರು.

ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಶ್ಯಾರನ್ ಕ್ಲಾರ್ಕ್ 2013ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ತಾನೇ ಮಾದರಿಯಾಗಿ ನಡೆದು, ಜನರ ಮಾತಿಗೆ ಕಿವಿಗೊಟ್ಟು, ಕೆಲಸಕ್ಕೆ ಅರ್ಥ ತುಂಬುವ ನಾಯಕತ್ವವನ್ನು ಪರಿವರ್ತನಾತ್ಮಕ ನಾಯಕತ್ವ ಎನ್ನುತ್ತಾರೆ. ಅದರ ನಂಟು ಪಾಲುಗೊಳ್ಳುವಿಕೆಯೊಂದಿಗೆ ಹೆಚ್ಚು ಗಟ್ಟಿ. ಕಣ್ಣಿಟ್ಟು ನೋಡಿ, ತಪ್ಪು ಆಗುವ ಮೊದಲೇ ತಿದ್ದುವ, ಸರಿಯಾದದ್ದಕ್ಕೆ ಮನ್ನಣೆ ಕೊಡುವ ವ್ಯವಹಾರದ ನಾಯಕತ್ವದ ನಂಟು ಪಾಲನೆಯೊಂದಿಗೆ ಹೆಚ್ಚು. ಆದ್ದರಿಂದ ಶಿಸ್ತು ಬೇಡ ಎಂದು ಸಂಶೋಧನೆ ಹೇಳುತ್ತಿಲ್ಲ. ಸೈಟ್‌ಗೆ ಎರಡೂ ಬೇಕು.

ಅವೆರಡಕ್ಕಿಂತ ನನ್ನನ್ನು ಹೆಚ್ಚು ಕಲಕಿದ್ದು ಕೆಲೋವೇ ಮತ್ತು ಸಂಗಡಿಗರ 2006ರ ಅಧ್ಯಯನ. ಏನಾದರೂ ಆಗುವವರೆಗೆ ಕೈಕಟ್ಟಿ ಕುಳಿತುಕೊಳ್ಳುವ ಮೇಲ್ವಿಚಾರಕರು ಇರುತ್ತಾರಲ್ಲ, ಅವರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಆ ನಿಷ್ಕ್ರಿಯತೆಯೇ ಪ್ರತ್ಯೇಕವಾಗಿ ಹಾನಿ ಮಾಡುತ್ತದೆ ಎಂದು ಅವರು ಕಂಡುಕೊಂಡರು. ಕಾರ್ಮಿಕರ ಎಚ್ಚರವೂ ಕುಗ್ಗುತ್ತದೆ.

ಸಣ್ಣ ಗುತ್ತಿಗೆದಾರ

ಎಲ್ಲರೂ ಮೃದುವಾಗಿ ಮಾತನಾಡುತ್ತಿದ್ದೀರಿ. ನಾನು ಒಪ್ಪುವುದಿಲ್ಲ, ಕಾರಣವನ್ನೂ ಹೇಳುತ್ತೇನೆ.

ನನ್ನ ಸೈಟ್‌ನಲ್ಲಿ ವಾರ ವಾರ ಹೊಸ ಮುಖಗಳು. ಇಂದು ಬಂದವನು ತಿಂಗಳು ತುಂಬುವಷ್ಟರಲ್ಲಿ ಬೇರೆಡೆ ಹೋಗಿರುತ್ತಾನೆ. ಅವನ ಮನಸ್ಸು ಗೆಲ್ಲಲು ನನಗೆ ಸಮಯವೆಲ್ಲಿದೆ? ಮೊದಲ ದಿನವೇ ಬಿದ್ದರೆ ಮನಸ್ಸು ಗೆದ್ದು ಏನು ಪ್ರಯೋಜನ? ನಿಯಮ ಮುರಿದವನನ್ನು ಅಂದೇ ಹೊರಗೆ ಕಳುಹಿಸುತ್ತೇನೆ. ಎಂಟು ವರ್ಷಗಳಿಂದ ನನ್ನ ಕೈಕೆಳಗೆ ಒಂದು ಸಾವೂ ಆಗಿಲ್ಲ.

ಅಮೆರಿಕದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಮಾಡಿದ್ದೂ ಇದನ್ನೇ. ಗಟ್ಟಿ ಟೋಪಿ ಕಡ್ಡಾಯ, ಎತ್ತರದಲ್ಲಿ ಶೌರ್ಯ ತೋರಿಸಲು ಹೋದವನಿಗೆ ಕೆಲಸ ಇಲ್ಲ. ಅದು 1930ರ ದಶಕ. ಜನ ಸಾಯುವುದು ಸೇತುವೆ ಕೆಲಸದಲ್ಲಿ ಸಹಜ ಎಂದು ಎಲ್ಲರೂ ನಂಬಿದ್ದ ಕಾಲ.

ಗಾರೆ ಮೇಸ್ತ್ರಿ

ಯಜಮಾನರೇ, ಅದೇ ಸ್ಟ್ರಾಸ್ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿಸಿದ್ದನ್ನು ಬಿಟ್ಟುಬಿಟ್ಟಿರಿ. ಹತ್ತೊಂಬತ್ತು ಮಂದಿ ಅದರಲ್ಲಿ ಬಿದ್ದು ಬದುಕಿದರು. ಮೊದಲು ಬಲೆ ಕೊಟ್ಟ ಮನುಷ್ಯ ಶಿಸ್ತು ಕೇಳಿದರೆ ಆಳು ಒಪ್ಪುತ್ತಾನೆ.

ಸಣ್ಣ ಗುತ್ತಿಗೆದಾರ

ಬಲೆಯ ಮಾತು ನಿಜ. ಅದೇ ಬಲೆಯನ್ನು ಹರಿದುಕೊಂಡು 1937ರ ಫೆಬ್ರವರಿಯಲ್ಲಿ ಒಂದು ಅಟ್ಟಣೆ ಕೆಳಗೆ ಹೋಗಿ ಹತ್ತು ಮಂದಿ ಸತ್ತರು ಎಂಬುದೂ ನಿಜ. ಒಟ್ಟು ಸತ್ತವರು ಹನ್ನೊಂದು. ಸಾಧನ ಕೊಟ್ಟ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ ಎಂಬುದು ನನ್ನ ವಾದ.

ಸುರಕ್ಷತಾ ಅಧಿಕಾರಿ

ಗುತ್ತಿಗೆದಾರರೇ, ನಿಮ್ಮ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ: ಎಂಟು ವರ್ಷಗಳಲ್ಲಿ ಎಷ್ಟು ಬಾರಿ ಕೂದಲೆಳೆಯಲ್ಲಿ ತಪ್ಪಿತು ಎಂಬ ಲೆಕ್ಕ ನಿಮ್ಮಲ್ಲಿದೆಯೇ? ಅದನ್ನು ಯಾರು ನಿಮಗೆ ಬಂದು ಹೇಳುತ್ತಾರೆ, ಹೇಳಿದರೆ ಅವರಿಗೆ ಏನಾಗುತ್ತದೆ?

ನಾನು ಹಿಂದೆ ಇದ್ದ ಒಂದು ಸೈಟ್‌ನ ಗೇಟಿನಲ್ಲಿ ದೊಡ್ಡ ಫಲಕವಿತ್ತು. ಅಪಘಾತವಿಲ್ಲದ ದಿನಗಳ ಎಣಿಕೆ. ಇನ್ನೂರು ದಾಟಿದರೆ ಎಲ್ಲರಿಗೂ ಬಹುಮಾನ ಎಂದು ಘೋಷಿಸಿದರು. ನೂರ ತೊಂಬತ್ತರ ಆಸುಪಾಸಿನಲ್ಲಿ ಒಬ್ಬ ಕಂಬಿ ಕಟ್ಟುವವನ ಬೆರಳು ಕತ್ತರಿಸುವ ಯಂತ್ರದಲ್ಲಿ ಜಜ್ಜಿಹೋಯಿತು. ಅವನ ಸಂಗಡಿಗರೇ ಬಟ್ಟೆ ಸುತ್ತಿ, ಹಿಂದಿನ ದಾರಿಯಲ್ಲಿ ಕರೆದುಕೊಂಡು ಹೋಗಿ, ಊರಿಗೆ ಹೋಗಿದ್ದಾನೆ ಎಂದು ಹಾಜರಿಯಲ್ಲಿ ಬರೆಸಿದರು. ಆ ಯಂತ್ರದ ಕಾಪುತಟ್ಟೆ ಮುರಿದಿತ್ತು. ಬೆರಳಿನ ಸುದ್ದಿ ಬರಲಿಲ್ಲ, ಹಾಗಾಗಿ ಮುರಿದ ತಟ್ಟೆಯ ಸುದ್ದಿಯೂ ಬರಲಿಲ್ಲ. ಹನ್ನೊಂದು ದಿನಗಳ ನಂತರ ಅದೇ ಯಂತ್ರದಲ್ಲಿ ಇನ್ನೊಬ್ಬನ ಕೈ ಸಿಕ್ಕಿತು. ಆ ಫಲಕದ ಅಂಕಿಯನ್ನು ಪ್ರತಿದಿನ ಬೆಳಿಗ್ಗೆ ಬದಲಿಸುತ್ತಿದ್ದವನು ನಾನು. ನನ್ನ ಕೈಯಿಂದಲೇ ಆ ಸುಳ್ಳು ದಿನವೂ ಬೆಳೆಯಿತು.

ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ನೆನಪಾಗುತ್ತದೆ. ಒಳ್ಳೆಯ ನಾಯಕತ್ವವಿದ್ದ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಹೇಳಿಕೊಳ್ಳಲು ಅಂಜುತ್ತಿರಲಿಲ್ಲ ಎಂಬ ವಿವರಣೆಗೆ ಆಕೆ ಬಂದರು. ವರದಿಯೇ ಬಾರದ ಸೈಟ್ ಕಂಡರೆ ಈಗ ನನಗೆ ಭಯವಾಗುತ್ತದೆ.

ಸಣ್ಣ ಗುತ್ತಿಗೆದಾರ

ಆ ಲೆಕ್ಕ ನನ್ನಲ್ಲಿಲ್ಲ. ಯಾರೂ ಬಂದು ಹೇಳಿದ್ದಿಲ್ಲ. ನಿಮ್ಮ ಪ್ರಶ್ನೆಯ ಬಗ್ಗೆ ಯೋಚಿಸುತ್ತೇನೆ.

ಬಾಂಡ್ಲಿ ಹೊತ್ತವಳು

ಹದಿನೇಳನೆಯ ವಯಸ್ಸಿನಲ್ಲಿ ಬಾಂಡ್ಲಿ ಹೊರಲು ಸೇರಿದೆ. ಈಗ ನಲವತ್ತು ಜನರ ಮೇಲ್ವಿಚಾರಕಿ. ನಾಯಕತ್ವ ಎಂಬ ಪದವನ್ನು ನಾನು ಕಲಿತದ್ದು ಈಚೆಗೆ, ಅದರ ರುಚಿ ಗೊತ್ತಾದದ್ದು ಬಹಳ ಮೊದಲು.

ಹೊತ್ತು ಸಾಗಿಸುವ ಹೆಂಗಸರನ್ನು ಬೆಳಗಿನ ಸುರಕ್ಷತಾ ಸಭೆಗೆ ಕರೆಯುತ್ತಲೇ ಇರಲಿಲ್ಲ. ನಮಗೆ ಅಲ್ಲೇನು ಕೆಲಸ ಎಂಬ ಭಾವನೆ. ಕರೆದ ಕಡೆಯೂ ನಮಗೆ ಅರ್ಥವಾಗದ ಭಾಷೆಯಲ್ಲಿ ಓದಿ, ಹೆಬ್ಬೆಟ್ಟು ಒತ್ತಿಸಿಕೊಂಡು ಕಳುಹಿಸುತ್ತಿದ್ದರು. ಮೇಲಿನಿಂದ ಇಟ್ಟಿಗೆ ಬೀಳುವುದು ನಾವು ನಡೆಯುವ ದಾರಿಯಲ್ಲಿ. ಕಂದಕದ ಅಂಚಿನಲ್ಲಿ ಮಣ್ಣು ಸುರಿಯುವವರೂ ನಾವೇ.

ಒಮ್ಮೆ ಎರಡಾಳು ಆಳದ ಕಂದಕದಲ್ಲಿ ಪೈಪ್ ಕೂರಿಸುತ್ತಿದ್ದರು. ಅಂಚಿನಿಂದ ಒಂದು ಮೊಳ ಹಿಂದಕ್ಕೆ ನೆಲದಲ್ಲಿ ಕೂದಲಿನಂಥ ಬಿರುಕು ಕಂಡಿತು. ಮಧ್ಯಾಹ್ನದ ಹೊತ್ತಿಗೆ ಅದರೊಳಗೆ ಬೆರಳು ಹೋಗುತ್ತಿತ್ತು. ನಾನು ಹೇಳಲಿಲ್ಲ. ಹಿಂದಿನ ವಾರವಷ್ಟೇ ಏಣಿ ಅಲುಗಾಡುತ್ತಿದೆ ಎಂದದ್ದಕ್ಕೆ "ನಿನ್ನ ಬಾಂಡ್ಲಿ ನೋಡಿಕೋ" ಎಂದಿದ್ದರು. ಊಟಕ್ಕೆ ಎಲ್ಲರೂ ಮೇಲೆ ಬಂದಿದ್ದಾಗ ಆ ಅಂಚು ಕುಸಿಯಿತು. ಊಟ ಹತ್ತು ನಿಮಿಷ ತಡವಾಗಿದ್ದರೆ ಮೂವರು ಅದರಡಿ ಇರುತ್ತಿದ್ದರು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗೂ ಹೆಚ್ಚು ತೂಗುತ್ತದೆ ಎಂದು ಆಮೇಲೆ ಕಲಿತೆ. ಎದೆಯವರೆಗೆ ಹೂತರೂ ಉಸಿರು ನಿಲ್ಲುತ್ತದೆ.

ಆ ಮೂವರನ್ನು ಈಗಲೂ ನೆನೆಯುತ್ತೇನೆ. ಕಣ್ಣಾರೆ ಕಂಡವಳು ಬಾಯಿ ಮುಚ್ಚಿಕೊಂಡೆನಲ್ಲ. ಅದಕ್ಕೇ ಈಗ ನನ್ನ ತಂಡದಲ್ಲಿ ಯಾರಾದರೂ ಬಂದು ಏನಾದರೂ ತೋರಿಸಿದರೆ, ಅದು ಎಷ್ಟೇ ಸಣ್ಣದಿರಲಿ, ಅವರ ಜೊತೆಯಲ್ಲೇ ನಡೆದುಹೋಗಿ ನೋಡುತ್ತೇನೆ. ಹತ್ತರಲ್ಲಿ ಎಂಟು ಬಾರಿ ಏನೂ ಇರುವುದಿಲ್ಲ. ಆದರೂ ಹೋಗುತ್ತೇನೆ. ಹೊಸಬರು ಬಂದ ದಿನ ಅವರ ಹೆಸರು ಕೇಳಿ, ಹೆಸರು ಹಿಡಿದೇ ಕರೆಯುತ್ತೇನೆ. "ಏ, ಇಲ್ಲಿ ಬಾ" ಎಂದು ಕರೆಸಿಕೊಂಡವರು ಬಿರುಕು ತೋರಿಸಲು ಬರುವುದಿಲ್ಲ.

ಗುತ್ತಿಗೆದಾರ ಅಣ್ಣ, ವಾರ ವಾರ ಹೊಸ ಮುಖಗಳು ಎಂದಿರಿ. ಹೊಸಬರು ನಿಮ್ಮನ್ನು ಅಳೆಯುವುದು ಮೊದಲ ಅರ್ಧ ಗಂಟೆಯಲ್ಲೇ. ತಿಂಗಳು ಬೇಕಿಲ್ಲ.

ಕ್ರೇನ್ ಚಾಲಕ

ಅಕ್ಕನ ಮಾತು ಓದಿ ಬರೆಯಬೇಕೆನಿಸಿತು. ಗಾಳಿ ಹೆಚ್ಚಾದಾಗ ಎತ್ತುವುದನ್ನು ನಿಲ್ಲಿಸುವ ಅಧಿಕಾರ ನನಗಿದೆ ಎಂದು ಕಾಗದದಲ್ಲಿದೆ. ಆ ಅಧಿಕಾರ ನಿಜವೋ ಅಲ್ಲವೋ ಎಂದು ತಿಳಿಯುವುದು ಮೊದಲ ಬಾರಿ ನಿಲ್ಲಿಸಿದಾಗ. ಒಂದು ಕಡೆ ನಿಲ್ಲಿಸಿದಾಗ ವ್ಯವಸ್ಥಾಪಕರು ಮಾತನಾಡದೆ ಹೋದರು, ಮರುವಾರ ನನ್ನ ಜಾಗಕ್ಕೆ ಬೇರೆಯವರು ಬಂದರು. ಇನ್ನೊಂದು ಕಡೆ ವ್ಯವಸ್ಥಾಪಕಿ ತಾವೇ ಕೆಳಗೆ ಬಂದು ನಿಂತು, ಎಲ್ಲರ ಎದುರು "ಸರಿಯಾದ ಕೆಲಸ ಮಾಡಿದಿರಿ" ಎಂದರು. ಅಂದಿನಿಂದ ಅಲ್ಲಿ ಸಂಜ್ಞೆ ಕೊಡುವ ಹುಡುಗನೂ ಧೈರ್ಯವಾಗಿ ಕೈ ಎತ್ತಿ ನಿಲ್ಲಿಸುತ್ತಿದ್ದ.

ನಿವೃತ್ತ ರಚನಾ ಎಂಜಿನಿಯರ್

ಕ್ರೇನ್ ಚಾಲಕರು ಹೇಳಿದ್ದು ಕ್ವಿಬೆಕ್ ಸೇತುವೆಯ ಕಥೆಯ ತಿರುಳು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲು ಅನುಮತಿ ಕೊಡಿ. ನಾವೆಲ್ಲ ಮೇಸ್ತ್ರಿಯ ಸ್ವಭಾವವನ್ನು ಚರ್ಚಿಸುತ್ತಿದ್ದೇವೆ, ಮೇಸ್ತ್ರಿಯ ಮೇಲಿರುವವರನ್ನು ಮರೆಯುತ್ತಿದ್ದೇವೆ.

ಕೆನಡಾದ ಸೇಂಟ್ ಲಾರೆನ್ಸ್ ನದಿಯ ಮೇಲೆ ಆ ಸೇತುವೆ ಏಳುತ್ತಿತ್ತು. ಸಲಹಾ ಎಂಜಿನಿಯರ್ ಥಿಯೊಡರ್ ಕೂಪರ್ ದೊಡ್ಡ ಹೆಸರಿನವರು. ಆರೋಗ್ಯ ಸರಿಯಿಲ್ಲದ ಕಾರಣ ನ್ಯೂಯಾರ್ಕ್‌ನಲ್ಲೇ ಕುಳಿತು ಕೆಲಸ ನಡೆಸುತ್ತಿದ್ದರು. ಉಕ್ಕಿನ ಮೇಲ್ಕಟ್ಟಡ ಏಳುವಾಗ ಅವರು ಸ್ಥಳಕ್ಕೆ ಬರಲಿಲ್ಲ. 1907ರ ಆಗಸ್ಟ್‌ನಲ್ಲಿ ಕೆಳಗಿನ ಒತ್ತಡದ ತೊಲೆಗಳು ಬಾಗುತ್ತಿರುವುದನ್ನು ಅವರ ಯುವ ಪ್ರತಿನಿಧಿ ನಾರ್ಮನ್ ಮೆಕ್ಲೂರ್ ಅಳೆದು ಬರೆದರು. ಬಾಗು ಬೆಳೆಯಿತು. ಸ್ಥಳದಲ್ಲಿದ್ದವರು ತರ್ಕಿಸಿದರು: ಕಾರ್ಖಾನೆಯಿಂದ ಬರುವಾಗಲೇ ಬಾಗಿತ್ತೋ, ಆಮೇಲೆ ಬಾಗಿತೋ? ಕೆಲಸ ನಿಲ್ಲಿಸುವ ಅಧಿಕಾರ ತನ್ನದು ಎಂದು ನಿಂತು ಹೇಳುವವರು ಅಲ್ಲಿ ಇರಲಿಲ್ಲ. ಮೆಕ್ಲೂರ್ ಕೊನೆಗೆ ತಾವೇ ನ್ಯೂಯಾರ್ಕ್‌ಗೆ ಹೋದರು. ಕೂಪರ್ ಸೇತುವೆಯ ಮೇಲೆ ಇನ್ನಷ್ಟು ಭಾರ ಹಾಕಬೇಡಿ ಎಂದು ತಂತಿ ಕಳುಹಿಸಿದರು. ಅದು ಹೋದದ್ದು ಕ್ವಿಬೆಕ್‌ಗಲ್ಲ, ಉಕ್ಕಿನ ಕಂಪನಿಯ ಕಚೇರಿಗೆ. ಅದೇ ದಿನ, ಆಗಸ್ಟ್ 29ರ ಸಂಜೆ, ಪಾಳಿ ಮುಗಿಯುವ ಹೊತ್ತಿಗೆ ಸೇತುವೆ ಕುಸಿಯಿತು. ಮೇಲಿದ್ದ 86 ಮಂದಿಯಲ್ಲಿ 75 ಮಂದಿ ಸತ್ತರು.

ಲೆಕ್ಕಾಚಾರದ ತಪ್ಪು ಮೂಲ ಕಾರಣ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ತಪ್ಪು ಕಣ್ಣಿಗೆ ಕಂಡ ಮೇಲೆಯೂ ದಿನಗಳ ಸಮಯವಿತ್ತು.

1978ರ ಏಪ್ರಿಲ್ 27ರಂದು ಅಮೆರಿಕದ ವಿಲ್ಲೋ ಐಲೆಂಡ್‌ನಲ್ಲಿ ಕಟ್ಟುತ್ತಿದ್ದ ಶೀತಕ ಗೋಪುರದ (ವಿದ್ಯುತ್ ಸ್ಥಾವರದ ನೀರು ತಣಿಸುವ ಗೋಪುರದ) ಅಟ್ಟಣೆ ಕುಸಿದು 51 ಮಂದಿ ಸತ್ತರು. ಅಟ್ಟಣೆಯನ್ನು ಬಿಗಿದಿದ್ದದ್ದು ಹಿಂದಿನ ದಿನ ಹಾಕಿದ್ದ ಕಾಂಕ್ರೀಟ್‌ಗೆ. ಅದಕ್ಕೆ ಇನ್ನೂ ಬಲ ಬಂದಿರಲಿಲ್ಲ. ಆ ಕಾರ್ಮಿಕರು ಎಷ್ಟೇ ಎಚ್ಚರದಿಂದ ಹೆಜ್ಜೆಯಿಟ್ಟಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಆದ್ದರಿಂದ ಕಾರ್ಮಿಕರ ನಡವಳಿಕೆ ಎಂಬ ಮಾತನ್ನು ಆಡುವಾಗ ನಾನು ಯಾವಾಗಲೂ ವೇಳಾಪಟ್ಟಿ ಬರೆದವರ ನಡವಳಿಕೆಯನ್ನೂ ಕೇಳುತ್ತೇನೆ.

ಸಣ್ಣ ಗುತ್ತಿಗೆದಾರ

ಹಿರಿಯರೇ, ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಿರಿ. ಒಂದು ದಿನ ತಡವಾದರೆ ಮುಖ್ಯ ಗುತ್ತಿಗೆದಾರರು ನನ್ನ ಬಿಲ್ಲಿನಿಂದ ಕಡಿತ ಮಾಡುತ್ತಾರೆ. ಕೆಲಸ ನಿಲ್ಲಿಸುವ ಅಧಿಕಾರವನ್ನು ನಾನು ಹುಡುಗರಿಗೆ ಕೊಡಬಹುದು. ನನಗೆ ಅದನ್ನು ಕೊಡುವವರು ಯಾರು?

ಸಂಶೋಧನಾ ವಿದ್ಯಾರ್ಥಿನಿ

ಈ ಪ್ರಶ್ನೆಗೆ ಉತ್ತರ ಕಟ್ಟಡದ ಮಾಲೀಕರವರೆಗೆ ಹೋಗುತ್ತದೆ. ಲಂಡನ್‌ನ 2012ರ ಒಲಿಂಪಿಕ್ಸ್‌ಗಾಗಿ ನಡೆದ ಅಷ್ಟು ದೊಡ್ಡ ನಿರ್ಮಾಣ ಒಂದೂ ಸಾವಿಲ್ಲದೆ ಮುಗಿಯಿತು. ಅಲ್ಲಿ ಕೆಲಸ ಮಾಡಿಸಿದ ಸಂಸ್ಥೆಯೇ ಸುರಕ್ಷತೆಯನ್ನು ಗುತ್ತಿಗೆಯ ಮೊದಲ ಷರತ್ತುಗಳಲ್ಲಿ ಇಟ್ಟು, ಮೇಲ್ವಿಚಾರಕರ ಮಟ್ಟದವರೆಗೂ ಅದನ್ನು ಹಿಡಿದು ನಡೆಸಿತು. ಪ್ರತಿದಿನ ಕೆಲಸ ಆರಂಭಿಸುವ ಮೊದಲು ಆಯಾ ತಂಡದೊಂದಿಗೆ ಅಂದಿನ ಕೆಲಸದ ಬಗ್ಗೆಯೇ ಮಾತುಕತೆ ನಡೆಯುತ್ತಿತ್ತು.

ಮೇಸ್ತ್ರಿಗಳು ಬದಲಾಗಬಲ್ಲರೇ ಎಂಬ ಮೊದಲ ಪ್ರಶ್ನೆಗೂ ಒಂದು ಮಾತು ಹೇಳುತ್ತೇನೆ. ಡೋವ್ ಝೋಹರ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಅದು ನಡೆದದ್ದು ಕಟ್ಟಡ ಕೆಲಸದಲ್ಲಲ್ಲ, ಆದರೂ ನಮಗೆ ಅನ್ವಯಿಸುತ್ತದೆ. ಮೇಲಧಿಕಾರಿ ಇತ್ತೀಚೆಗೆ ನಿಮ್ಮೊಂದಿಗೆ ಏನು ಮಾತನಾಡಿದರು ಎಂದು ಕಾರ್ಮಿಕರನ್ನು ಕೇಳಿ, ಅದರಲ್ಲಿ ಸುರಕ್ಷತೆಯ ಮಾತು ಎಷ್ಟಿತ್ತು ಎಂಬುದನ್ನು ವಾರಕ್ಕೊಮ್ಮೆ ಮೇಲ್ವಿಚಾರಕರಿಗೇ ತಿಳಿಸಿದರು. ಅಷ್ಟರಿಂದಲೇ ಅವರ ಮಾತುಕತೆ ಬದಲಾಯಿತು, ಸಣ್ಣಪುಟ್ಟ ಗಾಯಗಳು ಇಳಿದವು, ಕಿವಿರಕ್ಷಕ ಹಾಕುವವರು ಹೆಚ್ಚಾದರು. ಕಾರ್ಮಿಕರಿಗೆ ಒಂದು ಭಾಷಣವನ್ನೂ ಮಾಡಿರಲಿಲ್ಲ. ಹುಟ್ಟುಗುಣ ಎನ್ನುವುದಾದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಸೈಟ್ ಎಂಜಿನಿಯರ್

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಮೇಸ್ತ್ರಿಯವರು ಹೇಳಿದಂತೆ ಎರಡೂ ಕಡೆ ಪೂರ್ತಿ ದಿನ ನಿಂತೆ.

ಪಶ್ಚಿಮದ ಮೇಸ್ತ್ರಿ ಬೆಳಿಗ್ಗೆ ಮೊದಲ ಅರ್ಧ ಗಂಟೆ ಒಂದು ಹಲಗೆಯನ್ನೂ ಹಾಕಿಸುವುದಿಲ್ಲ. ಇಬ್ಬರನ್ನು ಕರೆದುಕೊಂಡು ಕಂಬದಿಂದ ಕಂಬಕ್ಕೆ ತಂತಿ ಹಗ್ಗ ಬಿಗಿಸುತ್ತಾರೆ, ತಾವೇ ಮೊದಲು ಹುಕ್ ಹಾಕಿ ಅದರ ಮೇಲೆ ಭಾರ ಬಿಟ್ಟು ನೋಡುತ್ತಾರೆ. ಪೂರ್ವದಲ್ಲಿ ಹಗ್ಗವೇ ಇರಲಿಲ್ಲ. ನಾನು ಎರಡು ತಿಂಗಳು ಹುಕ್ ನೋಡಿದೆ, ಹಗ್ಗ ನೋಡಲಿಲ್ಲ.

ಇನ್ನೊಂದು ಸಂಗತಿ ಬರೆಯಲು ಕಷ್ಟವಾಗುತ್ತದೆ. ಪೂರ್ವದ ಮೇಸ್ತ್ರಿಯವರನ್ನು ನೇರವಾಗಿ ಕೇಳಿದೆ, ನೀವೇಕೆ ಹಗ್ಗ ಕಟ್ಟಿಸುವುದಿಲ್ಲ ಎಂದು. "ಸಾರ್, ನೀವು ಪ್ರತಿದಿನ ಎಂಟೂವರೆಗೆ ಬಂದು ಎಷ್ಟು ಹಲಗೆ ಆಯಿತು ಎಂದು ಕೇಳುತ್ತೀರಿ. ಹಗ್ಗ ಆಯಿತೇ ಎಂದು ಒಂದು ದಿನವೂ ಕೇಳಿಲ್ಲ" ಎಂದರು. ಪೂರ್ವದ ಭಾಗ ಹಿಂದೆ ಬಿದ್ದಿದ್ದರಿಂದ ನಾನು ಮೊದಲು ಅಲ್ಲಿಗೇ ಹೋಗುತ್ತಿದ್ದೆ. ಪಶ್ಚಿಮಕ್ಕೆ ಹೋಗುವಾಗ ಹತ್ತು ಗಂಟೆಯಾಗಿರುತ್ತಿತ್ತು.

ಹಗ್ಗಕ್ಕೆ ಬೇಕಾದ ಸಮಯವನ್ನು ವೇಳಾಪಟ್ಟಿಯಲ್ಲೇ ಸೇರಿಸಿದ್ದೇನೆ. ಮೇಲಿನವರೊಂದಿಗೆ ಎರಡು ಬಿರುಸಿನ ಸಭೆಗಳಾದವು. ದಂಡ ಇಮ್ಮಡಿಯಾಗಲಿಲ್ಲ. ದಂಡವನ್ನು ಪೂರ್ತಿ ತೆಗೆದೂ ಇಲ್ಲ. ಹಗ್ಗ ಇದ್ದೂ ಹುಕ್ ಹಾಕದವನಿಗೆ ಅದು ಉಳಿದಿದೆ. ಗುತ್ತಿಗೆದಾರರ ಮಾತಿನಲ್ಲಿ ಅಷ್ಟು ಸತ್ಯವಿದೆ ಎಂದು ನನಗನ್ನಿಸಿತು.

ಎಲ್ಲವೂ ಸರಿಹೋಗಿಲ್ಲ. ಪೂರ್ವದಲ್ಲಿ ಈಗಲೂ ಸಂಜೆಯ ಹೊತ್ತಿಗೆ ಹುಕ್‌ಗಳು ಕಡಿಮೆಯಾಗುತ್ತವೆ. ಆದರೆ ಮೊನ್ನೆ, ಅಂದು ಕಂಬಿ ಹಿಡಿದು ಉಳಿದಿದ್ದ ಆ ಬಡಗಿಯೇ ನನ್ನ ಬಳಿ ಬಂದ. ನೆಲದ ಮೇಲೆ ನಿಂತ ಸೆಂಟ್ರಿಂಗ್‌ನ ಮೂಲೆಯ ನಾಲ್ಕು ಜಾಕಿಗಳ (ಆಸರೆ ಕಂಬಗಳ) ಕೆಳಗೆ ಮಣ್ಣು ನೆನೆದಿದೆ, ಅಡಿಹಲಗೆ ಇಳಿಯುತ್ತಿದೆ ಎಂದ. ಸಂಜೆ ಸ್ಲ್ಯಾಬ್ ಹಾಕುವುದಿತ್ತು, ಕಾಂಕ್ರೀಟ್ ಗಾಡಿಗಳಿಗೆ ಹೇಳಿಯಾಗಿತ್ತು. ಅವನ ಜೊತೆಯಲ್ಲೇ ನಡೆದುಹೋಗಿ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು.

ಗಾರೆ ಮೇಸ್ತ್ರಿ

ಗಾಡಿಗಳನ್ನು ನಿಲ್ಲಿಸಿದಿರಾ?

ಸೈಟ್ ಎಂಜಿನಿಯರ್

ನಿಲ್ಲಿಸಿದೆ. ಜಾಕಿ ಬಿಚ್ಚಿ, ನೆನೆದ ಮಣ್ಣು ತೆಗೆದು, ಅಗಲವಾದ ಅಡಿಹಲಗೆ ಕೊಟ್ಟು ಮತ್ತೆ ನಿಲ್ಲಿಸಲು ರಾತ್ರಿಯಾಯಿತು. ಮರುದಿನ ಮಧ್ಯಾಹ್ನ ಸ್ಲ್ಯಾಬ್ ಹಾಕಿದೆವು. ಶುರು ಮಾಡುವ ಮೊದಲು ಬೆಳಗಿನ ಸಭೆಯಲ್ಲಿ ಆ ಬಡಗಿಯ ಹೆಸರು ಹೇಳಿದೆ. ಪೂರ್ವದ ಮೇಸ್ತ್ರಿ ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು.